ಒಂದೇ ನಂಬರಿನ ನಾಲ್ವರು

ಸೋಮವಾರದಿಂದ ಹೊಸ ಸಾಫ್ಟ್‌ವೇರು.
ಅದರೊಳಗೆ ಕೊಳೆ ಹೋಗಬಾರದಂತೆ.
ಕಂಪನಿಯ ಹುಡುಗ ಫೋನಿನಲ್ಲಿ ಹೇಳಿದ: ಕ್ಲೀನ್ ಮಾಡಿ ಮೇಡಂ,
ಆರು ಸಾವಿರದ ಇನ್ನೂರ ಹದಿನೇಳು ಹೆಸರು,
ಶನಿವಾರ ಸಂಜೆಯೊಳಗೆ.

ಅಕ್ಕಿ ಆರಿಸಿದ ಹಾಗೆ ಅಂದುಕೊಂಡಿದ್ದೆ.
ಕಲ್ಲು ಇತ್ತ, ನೆಲ್ಲು ಅತ್ತ, ಬೆರಳಿಗೇ ಗೊತ್ತಾಗುತ್ತದೆ.
ಇಲ್ಲಿ ಕಲ್ಲಿಗೂ ಒಂದು ಹೆಸರಿದೆ,
ಊರಿದೆ, ಬಾಕಿ ಇದೆ.

ಮೊಸಳೆಹೊಸಳ್ಳಿಯನ್ನೇ ನೋಡಿ, ಹನ್ನೊಂದು ಥರ:
ಎಂ. ಹೊಸಹಳ್ಳಿ, ಬರೀ ಮೊಸಳೆ, ಬರೀ ಹೊಸಳ್ಳಿ,
ಯಾರೋ ಅವಸರದಲ್ಲಿ ಮಸಾಲೆ ಹೊಸಳ್ಳಿ.
ಮಧ್ಯಾಹ್ನವಿಡೀ ಕೂತು ಹನ್ನೊಂದು ಊರನ್ನು ಒಂದು ಮಾಡಿದೆ.
ಒಬ್ಬರೂ ಮನೆ ಬಿಟ್ಟು ಕದಲಲಿಲ್ಲ.

ನಮ್ಮದು ಬಿ.ಎಂ. ರಸ್ತೆಯ ಹೊಲಿಗೆ ಮೆಷಿನ್ ಅಂಗಡಿ.
ಗಂಡಸಿ ಕಡೆಯವರೇ ನೂರ ಎಂಬತ್ತು, ಎಲ್ಲಾ ಹೆಂಗಸರು.
ಬಿಲ್ಲು ಮಾತ್ರ ಗಂಡಸರ ಹೆಸರಿಗೆ.

ನಿಂಗಾಜಮ್ಮ, ಜವರೇಗೌಡರ ಮಗಳು, ದುದ್ದ.
ನಿಂಗಾಜಮ್ಮ, ರಂಗಸ್ವಾಮಿಯ ಹೆಂಡತಿ, ಕಟ್ಟಾಯ.
ನಿಂಗಾಜಮ್ಮ, ಪ್ರದೀಪನ ತಾಯಿ, ಹಾಸನ, ಬಾಡಿಗೆ ಮನೆ.
ಮೂವರೂ ಬೇರೆಬೇರೆ ಎಂದು ಬಿಡುತ್ತಿದ್ದೆನೇನೋ,
ಮೆಷಿನ್ನಿನ ಮೈಮೇಲೆ ಕೊರೆದ ನಂಬರು ಮೂರರಲ್ಲೂ ಒಂದೇ.
ಅವಳು ಊರು ಬಿಟ್ಟಾಗೆಲ್ಲ ಅದೂ ಜೊತೆಗೆ ಲಗೇಜ್ ಆಟೋ ಹತ್ತಿದೆ.
ಮೂರನ್ನೂ ಬೆರೆಸಿದೆ.
'ಯಾರ ಕಡೆಯವರು' ಎಂಬುದು ಕಡ್ಡಾಯ ಕಲಂ,
ಖಾಲಿ ಬಿಟ್ಟರೆ ಕೆಂಪಗೆ ಮುನಿಯುತ್ತದೆ.
ಮೆಷಿನ್ ನಂಬರನ್ನೇ ಬರೆದೆ.
ತಕರಾರಿಲ್ಲದೆ ಒಪ್ಪಿಕೊಂಡಿತು.

ಹಳೆಯ ಕಡತದ ಕೊನೆಯ ಕಲಂ
ರಿಪೇರಿಗೆ ಹೋಗಿಬರುತ್ತಿದ್ದ ಲೋಬೋ ಅವರದು.
ಇಪ್ಪತ್ತಾರು ವರ್ಷ ಎಣ್ಣೆಗೈಯಲ್ಲಿ ಬರೆದದ್ದು,
ಆಮೇಲೆ ಯಾರೋ ಟೈಪು ಮಾಡಿದ್ದಾರೆ, ಎಣ್ಣೆ ಬಿಟ್ಟು.
'ನಾಯಿ ಇದೆ, ದೂರದಿಂದಲೇ ಕೂಗಿ.'
'ಬಲಗಾಲಿಗೆ ಸ್ವಾಧೀನವಿಲ್ಲ, ಪೆಡಲು ಎಡಕ್ಕೆ ಸರಿಸಿದ್ದೇನೆ,
ಹೊಸಬರು ಬಂದು ಸರಿ ಮಾಡಲು ಹೋಗಬೇಡಿ.'
'ಕಂತಿನ ಮಾತು ಅತ್ತೆಯೆದುರು ಬೇಡ.'
ಹೊಸದರಲ್ಲಿ ಈ ಕಲಂ ಇಲ್ಲ.
ಅದರ ಬದಲು ನಕ್ಷತ್ರಗಳಿವೆ, ಒಂದರಿಂದ ಐದು.
ಅತ್ತೆಗೆ ಎಷ್ಟು ಕೊಡಲಿ?

ವಿಳಾಸದ ಎರಡನೇ ಸಾಲು ಬಹುಪಾಲು ಖಾಲಿ ಇತ್ತು.
ಲೋಬೋ ಅವರನ್ನು ಅಲ್ಲಿ ಕೂರಿಸಿದೆ.
ನಾಯಿಯೂ ಒಂದು ಗುರುತೇ ತಾನೆ.

ಶುಕ್ರವಾರ ಸಂಜೆ ಸಿಕ್ಕಿಹಾಕಿಕೊಂಡೆ.
ಪೆನ್ಷನ್ ಮೊಹಲ್ಲಾ, ಒಂದೇ ವಠಾರ, ಒಂದೇ ಫೋನ್ ನಂಬರು:
ಶಮೀಮ್ ತಾಜ್, ಹೊನ್ನಮ್ಮ, ರೋಸ್ಲಿನ್,
ನಾಲ್ಕನೆಯದು, 'ಹೊನ್ನಮ್ಮನ ಪಕ್ಕದವಳು'.
ಪರದೆ ಕೇಳಿತು: ಇವರೆಲ್ಲ ಒಬ್ಬರೇ ಇರಬಹುದು. ಬೆರೆಸಲೆ?

ಫೋನ್ ಮಾಡಿದೆ.
ಎತ್ತಿದ ಕೂಡಲೇ ಮೆಷಿನ್ನಿನ ಸದ್ದು, ನಮ್ಮದೇ ಮೆಷಿನ್ನು,
ಬೆಲ್ಟು ಸಡಿಲವಾಗಿದೆ ಅಂತ ನನಗೂ ತಿಳಿಯಿತು.
ಯಾರು ಬೇಕಿತ್ತು?
ನಾಲ್ವರಲ್ಲಿ ಯಾರಾದರೂ ಆಗಬಹುದು, ಅಂದೆ.
ಆ ಕಡೆ ನಗು. ಆಮೇಲೆ,
ಶಮೀಮಕ್ಕ ಅರಸೀಕೆರೆಗೆ ಹೋದರು, ರೋಸ್ಲಿನ್ ಡ್ಯೂಟಿಲಿದಾಳೆ.
ಹೊನ್ನಕ್ಕ ಹೋಗಿ ಎರಡು ವರ್ಷ ಆಯ್ತು.
ಫೋನೂ ಅವರದೇ, ಮೆಷಿನ್ನೂ ಅವರದೇ.
ಕೂತಿರೋಳು ಮಾತ್ರ ನಾನು.
ನೀವು ಅಂದರೆ?
ಪಕ್ಕದವಳು.

ಹೆಸರು ಕೇಳಿದೆ. ಮೆಷಿನ್ ನಿಂತಿತು.
ಕೋಮಳ, ಅಂದಳು. ದೊಡ್ಡ ಳ.
ಎಲ್ಲರೂ ಸಣ್ಣದು ಬರೀತಾರೆ.

ದೊಡ್ಡ ಳ ಬರೆದೆ.
ಬೆರೆಸಬೇಡ ಎಂದು ಒತ್ತಿದೆ, ಮೂರು ಸಲ ಕೇಳಿತು, ಮೂರು ಸಲ ಒತ್ತಿದೆ.
ಹೊನ್ನಮ್ಮನ ಮುಂದೆ ಎರಡೇ ದಾರಿ, ಚಾಲ್ತಿ ಅಥವಾ ರದ್ದು.
ಕರ್ಸರು ಅಲ್ಲೇ ಮಿಟುಕುತ್ತಾ ಕೂತಿದೆ.

ಉಳಿದದ್ದು ಎರಡು ಸಾವಿರದ ನಲವತ್ತು.
ಷಟರು ಅರ್ಧ ಇಳಿದಿದೆ,
ಹೊರಗೆ ಯಾರದೋ ಎರಡು ಕಾಲು ಬಂದು ನಿಂತಿವೆ.
ಸೂಜಿ ಇದೆಯಾ ಅಕ್ಕಾ, ಹದಿನಾರು ನಂಬರಿಂದು?